ಆ್ಯಮ್‌ನ ಐವರು ಕೈದಿಗಳು ಮತ್ತು ವಿಮರ್ಶಕರ ಎರಡು ಮನಸ್ಸು

ಪ್ರಶ್ನೆ: 1995ರ ‘ಐ ಹ್ಯಾವ್ ನೋ ಮೌತ್, ಆ್ಯಂಡ್ ಐ ಮಸ್ಟ್ ಸ್ಕ್ರೀಮ್’ ಎಂಬ ಕಂಪ್ಯೂಟರ್ ಆಟವನ್ನು ಇತ್ತೀಚೆಗೆ ಕೊಂಡು ಆಡಿದೆ. ಅದರ ಐದು ಪಾತ್ರಗಳಲ್ಲಿ ಒಬ್ಬನಾದ ಗಾರಿಸ್ಟರ್‌ನ ಅಧ್ಯಾಯದಲ್ಲೇ ಎರಡು ಸಂಜೆ ದಾರಿ ಕಾಣದೆ ಕುಳಿತು, ಕೊನೆಗೆ ವಾಕ್‌ಥ್ರೂ (ಆಟವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳುವ ಕೈಪಿಡಿ) ನೋಡಿಕೊಂಡು ಮುಗಿಸಿದೆ. ಬಿಡುಗಡೆಯಾದ ಕಾಲದಲ್ಲಿ ಇದಕ್ಕೆ ಪ್ರಶಸ್ತಿಗಳು ಬಂದವು. ಅದೇ ಕಾಲದ ವಿಮರ್ಶೆಗಳಲ್ಲಿ ಒಗಟುಗಳ ಬಗ್ಗೆ ದೂರುಗಳೂ ಇವೆ. ಇಂದು ನನ್ನ ಗೆಳೆಯರು ಇದನ್ನು ಮೇರುಕೃತಿ ಎನ್ನುತ್ತಾರೆ. ಅತ್ಯಾಚಾರವನ್ನೂ ನಾಜಿ ಶಿಬಿರವನ್ನೂ ಆಟದ ಸಾಮಗ್ರಿಯಾಗಿಸಿದ್ದು ನನಗೆ ಕಸಿವಿಸಿ ತಂದಿತು. ಈ ಆಟವನ್ನು ವಿಮರ್ಶಕರು ನಿಜವಾಗಿ ಹೇಗೆ ಸ್ವೀಕರಿಸಿದರು, ಮತ್ತು ನಾನು ಯಾರ ಮಾತನ್ನು ನಂಬಬೇಕು?

ಉತ್ತರ: ನೀವು ಒಂದೇ ಪ್ರಶ್ನೆಯಲ್ಲಿ ಮೂರು ಅಸಮಾಧಾನಗಳನ್ನು ಇಟ್ಟಿದ್ದೀರಿ. ಆ ಮೂರೂ ಈ ಆಟದ ವಿಮರ್ಶೆಯ ಇತಿಹಾಸದಲ್ಲಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರಿಂದ ಕೇಳಿಬಂದವು. ಆಟ ಹೊರಬಂದಾಗ ಅದನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಬಂದು ನಿಂತ ತೀರ್ಪು ಸ್ಥೂಲವಾಗಿ ಇದು: ಕಥೆ ದೊಡ್ಡದು, ಬರವಣಿಗೆ ಮತ್ತು ದನಿ ಅಪರೂಪದವು, ಆದರೆ ಆಟವಾಗಿ ಅದು ತೊಡಕಿನದು. ಮೂವತ್ತು ವರ್ಷಗಳಿಂದ ಈ ವಿಭಜನೆಯನ್ನೇ ಒಬ್ಬರ ನಂತರ ಒಬ್ಬರು ಒಪ್ಪಿಕೊಂಡು ಬಂದಿದ್ದಾರೆ. ಅದು ಪೂರ್ತಿ ಸುಳ್ಳೇನಲ್ಲ. ಆದರೂ ಗೆರೆಯನ್ನು ಎಳೆದ ಜಾಗ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಆಟದಲ್ಲಿ ಆಡುವವನ ಕೈ ಮಾಡುವ ಕೆಲಸವೂ ಕಥೆ ಕೇಳುವ ನೈತಿಕ ಪ್ರಶ್ನೆಯೂ ಒಂದೇ ಆಗುವ ಕೆಲವು ಸ್ಥಳಗಳಿವೆ. ಅದರ ನಿಜವಾದ ಬೆಲೆ ಇರುವುದು ಅಲ್ಲಿ. ಅವೆರಡೂ ಬೇರೆಯಾಗುವ ಸ್ಥಳಗಳಲ್ಲಿ ನಿಮ್ಮ ದೂರು ಪೂರ್ತಿಯಾಗಿ ನಿಲ್ಲುತ್ತದೆ.

ಮೊದಲು ಮೂಲವನ್ನು ನೆನಪಿಸಿಕೊಳ್ಳೋಣ. ಹಾರ್ಲನ್ ಎಲಿಸನ್ ಅವರ ಅದೇ ಹೆಸರಿನ ಸಣ್ಣಕಥೆ 1967ರಲ್ಲಿ ‘ಇಫ್’ ಎಂಬ ಅಮೆರಿಕದ ವೈಜ್ಞಾನಿಕ ಕಥೆಗಳ ಪತ್ರಿಕೆಯಲ್ಲಿ ಬಂತು; 1968ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ದೊರೆಯಿತು. ಮಹಾಯುದ್ಧಕ್ಕಾಗಿ ಕಟ್ಟಿದ ಕಂಪ್ಯೂಟರುಗಳು ಒಂದಾಗಿ, ‘ಆ್ಯಮ್’ ಎಂಬ ಹೆಸರಿನಲ್ಲಿ ಎಚ್ಚೆತ್ತು, ಮನುಕುಲವನ್ನೆಲ್ಲ ಕೊಂದು, ಐವರನ್ನು ಮಾತ್ರ ಉಳಿಸಿಕೊಂಡು 109 ವರ್ಷಗಳಿಂದ ಹಿಂಸಿಸುತ್ತಿದೆ. ಕಥೆಯಲ್ಲಿ ಬಿಡುಗಡೆಯೆಂದರೆ ಸಾವೊಂದೇ. ನಿರೂಪಕ ಟೆಡ್‌ಗೆ ಕೊನೆಯಲ್ಲಿ ಅದೂ ದಕ್ಕುವುದಿಲ್ಲ, ಬಾಯಿಯೂ ಇಲ್ಲದ ಒಂದು ಮುದ್ದೆಯಾಗಿ ಉಳಿಯುತ್ತಾನೆ. ಯಾರಿಗೂ ಏನನ್ನೂ ಮಾಡಲು ಬಿಡದಿರುವುದೇ ಆ ಕಥೆಯ ಬಲ. ಆಟವೆಂದರೆ ಅದಕ್ಕೆ ನೇರ ವಿರುದ್ಧವಾದ ಪ್ರಕಾರ; ಅಲ್ಲಿ ಕುಳಿತವನಿಗೆ ಏನಾದರೂ ಮಾಡಲು ಬರಲೇಬೇಕು. ಅಂತಹ ಕಥೆಯನ್ನು ಆಟವಾಗಿಸಲು ಹೊರಟ ಸೈಬರ್‌ಡ್ರೀಮ್ಸ್ ಎಂಬ ಪ್ರಕಾಶನ ಸಂಸ್ಥೆಗೂ ತಯಾರಿಕೆಯ ಹೊಣೆ ಹೊತ್ತ ಡ್ರೀಮರ್ಸ್ ಗಿಲ್ಡ್ ತಂಡಕ್ಕೂ ಇದ್ದ ಮೊದಲ ಕಷ್ಟ ಇದೇ.

ಕಷ್ಟ ಬಿಡಿಸಿದ್ದು ಒಂದು ಸರಳ ಪ್ರಶ್ನೆ. ‘ಕಂಪ್ಯೂಟ್!’ ಪತ್ರಿಕೆಯಲ್ಲಿ ಬರಹಗಾರ ಮತ್ತು ಸಂಪಾದಕರಾಗಿದ್ದ ಡೇವಿಡ್ ಸಿಯರ್ಸ್ ಅವರನ್ನು ಎಲಿಸನ್ ಜೊತೆ ಕೂತು ಆಟದ ವಿನ್ಯಾಸ ಮಾಡಲು ಕಳಿಸಲಾಯಿತು. ಆ್ಯಮ್ ಈ ಐವರನ್ನೇ ಏಕೆ ಉಳಿಸಿಕೊಂಡಿತು ಎಂದು ಅವರು ಎಲಿಸನ್ ಅವರನ್ನು ಕೇಳಿದರು. ಸುಮಾರು ಕಾಲು ಶತಮಾನದ ಹಿಂದೆ ಕಥೆ ಬರೆದಿದ್ದ ಲೇಖಕರು ಆ ಪ್ರಶ್ನೆಯನ್ನು ತಾವೇ ಎಂದೂ ಕೇಳಿಕೊಂಡಿರಲಿಲ್ಲ. ಇಡೀ ಆಟ ಹುಟ್ಟಿದ್ದು ಅದಕ್ಕೆ ಕಂಡುಕೊಂಡ ಉತ್ತರದಿಂದ. ಐವರಲ್ಲಿ ಪ್ರತಿಯೊಬ್ಬರಿಗೂ ಒಂದು ಹಳೆಯ ಪಾಪ ಅಥವಾ ಒಂದು ಹಳೆಯ ಗಾಯ ಇದೆ, ಆ್ಯಮ್ ಅದನ್ನು ಬಲ್ಲದು, ಅದರೊಳಗೇ ಅವರನ್ನು ಮತ್ತೆ ನೂಕುತ್ತದೆ. ಹೆಂಡತಿಯನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದ ಪಾಪಪ್ರಜ್ಞೆಯಲ್ಲಿ ಬೇಯುತ್ತಿರುವ ಗಾರಿಸ್ಟರ್, ಎದೆಯಲ್ಲಿ ಹೃದಯವಿರಬೇಕಾದ ಕಡೆ ತೂತು ಹೊತ್ತು ಮರುಭೂಮಿಯ ಮೇಲೆ ತೇಲುವ ಜೆಪ್ಪೆಲಿನ್ ಎಂಬ ವಾಯುನೌಕೆಯಲ್ಲಿ ಕಣ್ಣು ಬಿಡುತ್ತಾನೆ. ಬೆನ್ನಿ ಬಲಿಗಾಗಿ ಚೀಟಿ ಎತ್ತುವ ಗುಹಾವಾಸಿಗಳ ಊರಿಗೆ ಬೀಳುತ್ತಾನೆ, ಎಲೆನ್ ಯಂತ್ರಗಳ ಪಿರಮಿಡ್ಡಿಗೆ, ನಿಮ್ಡಾಕ್ ನಾಜಿ ಶಿಬಿರಕ್ಕೆ, ಟೆಡ್ ಮಧ್ಯಯುಗದ ಕೋಟೆಗೆ. ಸಿಯರ್ಸ್ ನಂತರ ಯೋಜನೆಯನ್ನು ಮುನ್ನಡೆಸಿದ ನಿರ್ಮಾಪಕ ಡೇವಿಡ್ ಮಲ್ಲಿಚ್, 1980ರಲ್ಲೇ ಆ್ಯಪಲ್ ಕಂಪ್ಯೂಟರಿಗೆ ‘ದ ಪ್ರಿಸನರ್’ ಎಂಬ ವಿಲಕ್ಷಣ ಆಟ ಮಾಡಿದ್ದವರು. ಆಡುವವನ ಮನಸ್ಸನ್ನೇ ಕಟ್ಟಿಹಾಕುವ ಬಂಧನದ ಕಲ್ಪನೆ ಅವರಿಗೆ ಹೊಸದಲ್ಲ.

ಎಲಿಸನ್ ಅವರಿಗೆ ಯಾರೂ ಗೆಲ್ಲಲಾಗದ ಆಟ ಬೇಕಿತ್ತು. ಉದಾತ್ತವಾಗಿ ಆಡಿದಷ್ಟೂ ಗೆಲುವಿಗೆ ಹತ್ತಿರವಾಗಬಹುದು, ಆದರೆ ಮುಟ್ಟಲಾಗದು ಎಂಬುದು ಅವರ ಆಸೆ. ಮಾರುಕಟ್ಟೆಗೆ ಬಂದ ಆಟದಲ್ಲಿ ಗೆಲುವು ಇದೆ: ಚಂದ್ರನಲ್ಲಿ ಹೆಪ್ಪುಗಟ್ಟಿ ಮಲಗಿರುವ ಮನುಷ್ಯರು ಎಚ್ಚೆತ್ತು ಭೂಮಿ ಮತ್ತೆ ವಾಸಯೋಗ್ಯವಾಗುವ ಒಂದು ಅಂತ್ಯ. ಮೂಲ ಕಥೆಯ ಭೀಕರ ಕೊನೆಯೂ ಸೋತವರ ಪಾಲಿಗೆ ಹಾಗೆಯೇ ಉಳಿದಿದೆ. ಗೆಲುವಿಲ್ಲದ ಆಟ ಹೆಚ್ಚು ಪ್ರಾಮಾಣಿಕವಾಗಿರುತ್ತಿತ್ತು ಎಂದು ವಾದಿಸುವವರಿದ್ದಾರೆ. ನಾನು ಅವರ ಜೊತೆ ನಿಲ್ಲಲಾರೆ. ಪಶ್ಚಾತ್ತಾಪಕ್ಕೆ ಎಲ್ಲಿಯೂ ಬೆಲೆಯಿಲ್ಲದ ಲೋಕದಲ್ಲಿ ಐದು ಪಶ್ಚಾತ್ತಾಪದ ಕಥೆಗಳನ್ನು ಕಟ್ಟಿದ್ದರೆ, ಆಡುವವನನ್ನು ದುಡಿಸಿಕೊಂಡು ಕೈಬಿಟ್ಟಂತಾಗುತ್ತಿತ್ತು.

ಇನ್ನು ಆ ಕಾಲದ ವಿಮರ್ಶಕರ ಮೇಜಿನ ಮೇಲೆ ಏನೇನಿತ್ತು ಎಂಬುದನ್ನು ನೋಡದೆ ಅವರ ಮಾತನ್ನು ತೂಗಲಾಗದು. 1993ರ ‘ಮಿಸ್ಟ್’ ಎಂಬ ಆಟವು, ಅಡ್ವೆಂಚರ್ ಗೇಮ್ (ಒಗಟು ಬಿಡಿಸುತ್ತ ಕಥೆಯಲ್ಲಿ ಮುಂದೆ ಸಾಗುವ ಆಟ) ಎಂದರೆ ಸುಂದರವಾದ ನಿರ್ಜನ ಚಿತ್ರಗಳ ನಡುವಿನ ನಡಿಗೆ ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿತ್ತು. ಸಿ.ಡಿ.ರಾಮ್ ಮನೆಮನೆಗೆ ಬರುತ್ತಿತ್ತು, ನಿಜವಾದ ನಟರನ್ನು ಚಿತ್ರೀಕರಿಸಿ ಆಟದೊಳಗೆ ತರುವುದು ದೊಡ್ಡ ಸಾಧನೆಯೆನಿಸಿತ್ತು. 1995ರ ಆಗಸ್ಟ್‌ನಲ್ಲಿ ಸಿಯೆರಾ ಸಂಸ್ಥೆಯ ‘ಫ್ಯಾಂಟಸ್ಮಗೋರಿಯಾ’ ಏಳು ಸಿ.ಡಿ.ಗಳಲ್ಲಿ ಬಂದು, ರಕ್ತಪಾತಕ್ಕೂ ಅತ್ಯಾಚಾರದ ದೃಶ್ಯಕ್ಕೂ ಗದ್ದಲ ಎಬ್ಬಿಸಿತು. ಆಸ್ಟ್ರೇಲಿಯಾ ಅದಕ್ಕೆ ಅನುಮತಿ ನಿರಾಕರಿಸಿತು. ಸೈಬರ್‌ಡ್ರೀಮ್ಸ್ ಕೂಡ 1992ರಲ್ಲಿ ಸ್ವಿಸ್ ಕಲಾವಿದ ಗೀಗರ್ ಅವರ ಚಿತ್ರಗಳನ್ನು ಬಳಸಿ ‘ಡಾರ್ಕ್ ಸೀಡ್’ ಎಂಬ ಕರಾಳ ಆಟ ತಂದಿತ್ತು. ಆದ್ದರಿಂದ ಎಲಿಸನ್ ಅವರ ಆಟ ಕೈಗೆ ಬಂದಾಗ ವಿಮರ್ಶಕರ ಬಳಿ ಅದಕ್ಕೊಂದು ಸಿದ್ಧ ಗೂಡು ಇತ್ತು. ದೊಡ್ಡವರಿಗಾಗಿ ಮಾಡಿದ, ಕತ್ತಲೆ ತುಂಬಿದ, ಎದೆ ನಡುಗಿಸುವ ಆಟಗಳೆಲ್ಲ ಸೇರುವ ಗೂಡು ಅದು.

ಆ ಗೂಡು ಸಾಲದಾಗಿತ್ತು. ಕನ್ನಡದ ಓದುಗರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ನಮ್ಮ ಕಾವ್ಯಮೀಮಾಂಸೆ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳಾಗಿ ಎಣಿಸುತ್ತದೆ. ಒಂದರ ಬೇರು ಭಯ, ಇನ್ನೊಂದರ ಬೇರು ಜುಗುಪ್ಸೆ. ಆ ವರ್ಷದ ಹಲವು ಆಟಗಳು ಭಯವನ್ನು ಗುರಿಯಾಗಿಟ್ಟುಕೊಂಡು ಜುಗುಪ್ಸೆಯಲ್ಲಿ ನಿಂತುಬಿಟ್ಟವು. ಎಲಿಸನ್ ಅವರ ಆಟ ಜುಗುಪ್ಸೆಯಿಂದಲೇ ಆರಂಭಿಸುತ್ತದೆ. ಆ್ಯಮ್ ತನ್ನ ದ್ವೇಷವನ್ನು ಬಣ್ಣಿಸುವ ಮೊದಲ ಮಾತು, ಕೊಕ್ಕೆಗೆ ನೇತುಹಾಕಿದ ದೇಹಗಳು, ತಿನ್ನಲಾಗದಂತೆ ವಿಕಾರಗೊಂಡ ಬೆನ್ನಿಯ ಮೈ, ಇವೆಲ್ಲವೂ ಬೀಭತ್ಸವೇ. ಆದರೆ ಅದು ಅಲ್ಲಿ ನಿಲ್ಲುವುದಿಲ್ಲ. ಪ್ರತಿ ಅಧ್ಯಾಯವೂ ನೋಡುಗನನ್ನು ಕರುಣದ ಕಡೆಗೆ ಕರೆದೊಯ್ಯಲು ಯತ್ನಿಸುತ್ತದೆ, ಮತ್ತು ಆ ಕರುಣೆಯನ್ನು ಅನುಭವಿಸಿದರೆ ಸಾಲದು, ಅದನ್ನು ಕೈಯಾರೆ ಮಾಡಿ ತೋರಿಸಬೇಕೆಂದು ಕೇಳುತ್ತದೆ. ಅಂದಿನ ವಿಮರ್ಶೆಗಳಲ್ಲಿ ಒಳ್ಳೆಯವು ಈ ಚಲನೆಯನ್ನು ಗುರುತಿಸಿದವು. ಉಳಿದವು ಕತ್ತಲೆಯನ್ನು ಹೊಗಳಿ ಸುಮ್ಮನಾದವು.

ಹೊಗಳಿಕೆಯ ದೊಡ್ಡ ಪಾಲು ಬರವಣಿಗೆಗೂ ದನಿಗೂ ಸಂದಿತು. ಆ್ಯಮ್‌ಗೆ ಸ್ವತಃ ಎಲಿಸನ್ ದನಿ ಕೊಟ್ಟಿದ್ದರು. ಆ ದನಿಯಲ್ಲಿ ಯಂತ್ರದ ತಣ್ಣನೆಯ ಏಕತಾನ ಸ್ವಲ್ಪವೂ ಇಲ್ಲ. ಅದು ಗೊಣಗುತ್ತದೆ, ಓಲೈಸುತ್ತದೆ, ಮಗುವಿನಂತೆ ರಚ್ಚೆ ಹಿಡಿಯುತ್ತದೆ, ಒಮ್ಮೆಲೇ ಚೀರುತ್ತದೆ. ಲೇಖಕನೊಬ್ಬ ತಾನು ಸೃಷ್ಟಿಸಿದ ಕ್ರೌರ್ಯಕ್ಕೆ ತಾನೇ ಗಂಟಲು ಕೊಡುವುದು ಆಟಗಳ ಲೋಕದಲ್ಲಿ ಅಪರೂಪದ ಘಟನೆ, ಮತ್ತು ಇಂದಿಗೂ ಆ ಮೊದಲ ನಿಮಿಷಗಳನ್ನು ಕೇಳಿ ಯಾರಾದರೂ ಈ ಆಟವನ್ನು ಮರೆತರೆಂದು ನಾನು ನಂಬಲಾರೆ. ಜಾನ್ ಆಟ್ಮನ್ ಅವರ ಸಂಗೀತವೂ ಮೆಚ್ಚುಗೆಗೆ ಪಾತ್ರವಾಯಿತು. ಕಂಪ್ಯೂಟರ್ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಬೇರೆ ಮಾಧ್ಯಮದಿಂದ ರೂಪಾಂತರಗೊಂಡ ಆಟಗಳ ವಿಭಾಗದಲ್ಲಿ ಇದನ್ನು ಪುರಸ್ಕರಿಸಿತು. ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಪತ್ರಿಕೆ ವರ್ಷದ ಅಡ್ವೆಂಚರ್ ಗೇಮ್ ಎಂಬ ಗೌರವ ಕೊಟ್ಟಿತು. ಇವು ಆ ಕ್ಷೇತ್ರದಲ್ಲಿ ತೂಕವಿದ್ದ ಮನ್ನಣೆಗಳು.

ದೂರುಗಳ ಮೂಲ ಆಟದ ಕಟ್ಟಡದಲ್ಲೇ ಇದೆ. ಇದು ಡ್ರೀಮರ್ಸ್ ಗಿಲ್ಡ್‌ನ ‘ಸಾಗಾ’ ಎಂಬ ತಂತ್ರಾಂಶದ ಮೇಲೆ ಕಟ್ಟಿದ ಆಟ. ಅದೇ ತಂತ್ರಾಂಶವನ್ನು ಅವರು 1994ರಲ್ಲಿ ‘ಇನ್‌ಹೆರಿಟ್ ದ ಅರ್ತ್’ ಎಂಬ ಸೌಮ್ಯವಾದ ಆಟಕ್ಕೆ ಬಳಸಿದ್ದರು. ಪರದೆಯ ಕೆಳಗೆ ನಡೆ, ನೋಡು, ತೆಗೆದುಕೋ, ಬಳಸು, ಮಾತಾಡು, ನುಂಗು, ಕೊಡು, ತಳ್ಳು ಎಂಬ ಕ್ರಿಯಾಪದಗಳ ಸಾಲು, ಪಕ್ಕದಲ್ಲಿ ಸಂಗ್ರಹಿಸಿದ ವಸ್ತುಗಳು. ಪ್ರತಿ ವಸ್ತುವಿನ ಮೇಲೆ ಪ್ರತಿ ಕ್ರಿಯಾಪದವನ್ನು ಪ್ರಯೋಗಿಸಿ ನೋಡುವ ಹಳೆಯ ದುಡಿಮೆ ಇಲ್ಲಿಯೂ ಬೇಕಾಗುತ್ತದೆ. ಕಂಡೂ ಕಾಣದಂತಿರುವ ವಸ್ತುಗಳು, ಒಂದು ಹೆಜ್ಜೆ ತಪ್ಪಿದರೆ ಹಿಂದಕ್ಕೆ ಹೋಗಲಾಗದ ಕವಲುಗಳು, ಏನು ತಪ್ಪಾಯಿತೆಂದೇ ತಿಳಿಯದೆ ಮುಗಿದುಹೋಗುವ ಅಧ್ಯಾಯಗಳು, ಇವು ಅಂದಿನ ವಿಮರ್ಶಕರನ್ನೂ ಕಾಡಿದವು. ನೀವು ಗಾರಿಸ್ಟರ್‌ನ ಅಧ್ಯಾಯದಲ್ಲಿ ಎರಡು ಸಂಜೆ ಕುಳಿತದ್ದರಲ್ಲಿ ನಿಮ್ಮ ಜಾಣ್ಮೆಯ ಕೊರತೆಯೇನೂ ಇಲ್ಲ. ಆ ಅಧ್ಯಾಯದ ಚಿತ್ರಗಳು ದುಃಸ್ವಪ್ನದ ತರ್ಕವನ್ನು ಅನುಸರಿಸುತ್ತವೆ, ಒಗಟುಗಳು ಬೀಗ ಮತ್ತು ಕೀಲಿಯ ತರ್ಕವನ್ನು. ಎರಡೂ ಒಂದನ್ನೊಂದು ಕೈ ಹಿಡಿಯುವುದಿಲ್ಲ.

ಈಗ ಎಲೆನ್ ಅಧ್ಯಾಯವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಎಲೆನ್‌ಗೆ ಹಳದಿ ಬಣ್ಣವೆಂದರೆ ಎದೆ ಒಡೆಯುವ ಭೀತಿ, ಅವಳ ಪಿರಮಿಡ್ಡಿನ ತುಂಬ ಹಳದಿಯೇ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಂದೆ ಹೋಗಬೇಕೆಂಬುದು ಹೊಳೆಯುವ ಕ್ಷಣದಲ್ಲಿ ಆಡುವವನು ಒಂದು ಒಗಟನ್ನು ಬಿಡಿಸಿದ್ದಾನೆ, ಅದರ ಜೊತೆಗೇ ಅವಳ ಭಯದ ಆಕಾರವನ್ನೂ ತಿಳಿದುಕೊಂಡಿದ್ದಾನೆ. ಆ ಬಣ್ಣ ಎಲ್ಲಿಂದ ಬಂತು ಎಂಬುದು ನಂತರ ಗೊತ್ತಾಗುತ್ತದೆ: ಅವಳ ಮೇಲೆ ಅತ್ಯಾಚಾರ ಎಸಗಿದವನು ಹಳದಿ ಉಡುಪಿನಲ್ಲಿದ್ದ. ಇಲ್ಲಿ ಕಥೆ ಒಂದು ಕಡೆ, ಆಟ ಇನ್ನೊಂದು ಕಡೆ ಎಂದು ಬೇರ್ಪಡಿಸಲು ಬರುವುದಿಲ್ಲ. ಕಥೆ ಚೆನ್ನಾಗಿದೆ ಆದರೆ ಆಟ ಚೆನ್ನಾಗಿಲ್ಲ ಎಂಬ ವಾಕ್ಯ ಗಾರಿಸ್ಟರ್‌ಗೆ ಬಹುಮಟ್ಟಿಗೆ ಒಪ್ಪುತ್ತದೆ, ಎಲೆನ್‌ಗೆ ಒಪ್ಪುವುದಿಲ್ಲ. ಐದು ಅಧ್ಯಾಯಗಳಿಗೂ ಒಂದೇ ಅಂಕ ಕೊಡಬೇಕಾಗಿ ಬಂದ ವಿಮರ್ಶೆಗಳಲ್ಲಿ ಈ ವ್ಯತ್ಯಾಸ ಕರಗಿಹೋಯಿತು.

ವಿಮರ್ಶಕರು ಮೇಲೆ ಮೇಲೆ ಮುಟ್ಟಿ ಬಿಟ್ಟ ಇನ್ನೊಂದು ಅಂಶದ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಪರದೆಯ ಮೂಲೆಯಲ್ಲಿ ಪಾತ್ರದ ಮುಖವಿದೆ, ಅದರ ಹಿಂದೆ ಹಸಿರು ಹಿನ್ನೆಲೆ. ಪಾತ್ರ ಒಳ್ಳೆಯ ಕೆಲಸ ಮಾಡಿದರೆ ಹಸಿರು ಬೆಳಗುತ್ತದೆ, ಕೆಟ್ಟದ್ದು ಮಾಡಿದರೆ ಕಪ್ಪಾಗುತ್ತದೆ. ಇದನ್ನು ಆಟ ಆತ್ಮದ ಮಾಪಕ ಎಂಬರ್ಥದ ಹೆಸರಿನಿಂದ ಕರೆಯುತ್ತದೆ. ದಾರಿ ಕಾಣದವರಿಗಾಗಿ ಪಾತ್ರದ ಮನೋವಿಶ್ಲೇಷಣೆಯ ಒಂದು ಪುಸ್ತಕವೂ ಇದೆ. ಅದರಲ್ಲಿ ಸುಳಿವು ಸಿಗುತ್ತದೆ, ಆದರೆ ತೆರೆದು ಓದಿದರೆ ಹಸಿರು ಕುಗ್ಗುತ್ತದೆ. ಸುಳಿವು ಬೇಡುವವನಿಗೆ ದಂಡ ಹಾಕುವ ಹಳೆಯ ಪದ್ಧತಿ ಎಂದು ಇದನ್ನು ತಳ್ಳಿಹಾಕಬಹುದು. ನನಗೆ ಕಾಣುವುದು ಬೇರೆ. ಇನ್ನೊಬ್ಬ ಮನುಷ್ಯನ ಅಂತರಂಗದ ಕಡತವನ್ನು ಓದಿ ಅವನ ನೋವಿನಿಂದ ದಾಟಿಕೊಳ್ಳಲು ನೋಡುವುದು ಆ್ಯಮ್ ಮಾಡುವ ಕೆಲಸವೇ. ಅದನ್ನು ನೀವು ಮಾಡಿದಾಗ ಆಟ ಅದರ ಬೆಲೆ ವಸೂಲು ಮಾಡುತ್ತದೆ. ಈ ಮಾಪಕಕ್ಕೆ ಒಂದು ನಿಜವಾದ ದೋಷವೂ ಇದೆ. ಒಳ್ಳೆಯತನವನ್ನು ಬಣ್ಣವಾಗಿ ತೋರಿಸಿದ ಕೂಡಲೇ ಆಡುವವನು ಬಣ್ಣಕ್ಕಾಗಿ ಒಳ್ಳೆಯವನಾಗತೊಡಗುತ್ತಾನೆ, ಸೇವ್ ಮಾಡಿಟ್ಟುಕೊಂಡು ಒಂದೊಂದು ಉತ್ತರವನ್ನೂ ಪರೀಕ್ಷಿಸುತ್ತಾನೆ. ನೈತಿಕ ಆಯ್ಕೆಗಳನ್ನು ಅಂಕವಾಗಿಸುವ ನಂತರದ ಎಷ್ಟೋ ಆಟಗಳನ್ನು ಕಾಡಿದ ತೊಂದರೆ ಇಲ್ಲಿ ಆಗಲೇ ಕಾಣಿಸಿಕೊಂಡಿದೆ.

ನಿಮ್ಮ ಕಸಿವಿಸಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದ ಅತ್ಯಂತ ಮುಖ್ಯ ಭಾಗ ಅದೇ. ನಿಮ್ಡಾಕ್ ನಾಜಿ ವೈದ್ಯರ ಜೊತೆ ಕೆಲಸ ಮಾಡಿದವನು, ಕೈದಿಗಳ ಮೇಲೆ ಕ್ರೂರ ಪ್ರಯೋಗ ನಡೆಸಿದ ನಾಜಿ ವೈದ್ಯ ಮೆಂಗೆಲೆಯ ಸಹಚರ. ತಾನೂ ಯಹೂದಿ, ತನ್ನ ತಂದೆತಾಯಿಯನ್ನೇ ಒಪ್ಪಿಸಿಕೊಟ್ಟವನು ಎಂಬ ಸತ್ಯವನ್ನು ಅವನ ಮನಸ್ಸು ಮರೆಮಾಡಿದೆ. ಆಟ ಅವನ ಕೈಗಳನ್ನು ನಿಮ್ಮ ಮೌಸ್‌ಗೆ ಕಟ್ಟಿ ಅವನನ್ನು ಮತ್ತೆ ಅದೇ ಶಿಬಿರಕ್ಕೆ ಕಳಿಸುತ್ತದೆ. ನಿಜವಾಗಿ ನಡೆದ ಒಂದು ಮಹಾಪಾತಕವನ್ನು, ಅದರಲ್ಲಿ ಸತ್ತವರ ಮಕ್ಕಳು ಬದುಕಿರುವಾಗಲೇ, ವಸ್ತುಗಳನ್ನು ಹುಡುಕಿ ಜೋಡಿಸುವ ಆಟಕ್ಕೆ ತರಬಹುದೇ? ಎಲಿಸನ್ ಸ್ವತಃ ಯಹೂದಿ ಮನೆತನದವರು, ಇದನ್ನು ಹಗುರವಾಗಿ ತಂದವರಲ್ಲ. ಆದರೂ ಲೇಖಕನ ಹುಟ್ಟು ಕೃತಿಗೆ ಪರವಾನಗಿಯಾಗದು, ಕೃತಿಯನ್ನೇ ನೋಡಬೇಕು. ಆ ಅಧ್ಯಾಯದ ಒಳ್ಳೆಯ ಮುಕ್ತಾಯದಲ್ಲಿ ನಿಮ್ಡಾಕ್ ಗೋಲೆಮ್ ಎಂಬ ಮಣ್ಣಿನ ರಕ್ಷಕನ ಮೇಲಿನ ಹತೋಟಿಯನ್ನು ಕೈದಿಗಳಿಗೇ ಒಪ್ಪಿಸಿ ತನ್ನ ಹಣೆಬರಹವನ್ನು ಅವರ ತೀರ್ಪಿಗೆ ಬಿಡುತ್ತಾನೆ. ಅವನಿಗೆ ಕ್ಷಮೆ ಸಿಗುವುದಿಲ್ಲ, ಸಿಗಬೇಕೆಂದು ಆಟ ಕೇಳುವುದೂ ಇಲ್ಲ. ಗೆಲುವು ಎಂದರೆ ಪಾತ್ರದ ಬದುಕುಳಿಯುವಿಕೆ ಎಂಬುದು ಆಟಗಳ ಮೊದಲ ಪಾಠ. ಇಲ್ಲಿ ಶಿಕ್ಷೆಗೆ ತಲೆಬಾಗುವುದನ್ನೇ ಸರಿಯಾದ ನಡೆಯಾಗಿಸಿದ್ದಾರೆ. ಇಷ್ಟು ತೂಕದ ಒಂದು ಒಗಟನ್ನು ಆ ದಶಕದ ಇನ್ನೊಂದು ಆಟದಲ್ಲಿ ನಾನು ಕಂಡಿಲ್ಲ. ಆ ಹಂತಕ್ಕೆ ತಲುಪುವ ದಾರಿಯಲ್ಲಿರುವ ಕೆಲವು ಸಣ್ಣ ವಸ್ತುಗಳ ಹುಡುಕಾಟ ಆ ತೂಕಕ್ಕೆ ತಕ್ಕದ್ದಲ್ಲ ಎಂಬುದನ್ನೂ ನಾನು ಒಪ್ಪುತ್ತೇನೆ. ಶಿಬಿರದ ಕಾರಿಡಾರಿನಲ್ಲಿ ಯಾವ ವಸ್ತುವನ್ನು ಎಲ್ಲಿ ಬಳಸುವುದೆಂದು ಯೋಚಿಸುತ್ತ ನಿಂತಾಗ ಮನಸ್ಸು ಒಂದು ಕ್ಷಣ ಶಿಬಿರವನ್ನು ಮರೆಯುತ್ತದೆ. ಹಾಗೆ ಮರೆಯುವಂತೆ ಮಾಡಿದ್ದು ಆಟದ ತಪ್ಪು.

ಎಲೆನ್ ವಿಷಯದಲ್ಲಿ ಅಭಿಪ್ರಾಯಗಳು ಇಂದಿಗೂ ಒಂದಾಗಿಲ್ಲ. ಮೂಲ ಕಥೆಯಲ್ಲಿ ಅವಳನ್ನು ನಾವು ಟೆಡ್‌ನ ಕಹಿ ಕಣ್ಣಿನಿಂದ ಮಾತ್ರ ಕಾಣುತ್ತೇವೆ, ಅವಳಿಗೆ ತನ್ನದೆಂಬ ಭೂತಕಾಲವೇ ಇಲ್ಲ. ಆಟ ಅವಳಿಗೆ ವಿದ್ಯೆ, ವೃತ್ತಿ, ಮಾತು, ಕೋಪ ಎಲ್ಲವನ್ನೂ ಕೊಟ್ಟಿತು. ಅವಳು ಎಂಜಿನಿಯರ್, ಪಿರಮಿಡ್ಡಿನ ಯಂತ್ರಗಳನ್ನು ಅರ್ಥಮಾಡಿಕೊಳ್ಳುವುದು ಅವಳ ಬುದ್ಧಿಯಿಂದಲೇ. ಹಾಗಿದ್ದೂ ಉಳಿದವರೆಲ್ಲ ಎದುರಿಸುವುದು ತಾವು ಮಾಡಿದ ತಪ್ಪನ್ನು. ಅವಳೊಬ್ಬಳು ಎದುರಿಸುವುದು ತನಗೆ ಇನ್ನೊಬ್ಬ ಮಾಡಿದ ಹಿಂಸೆಯನ್ನು. ಪಾಪಿಗಳ ಸಾಲಿನಲ್ಲಿ ಬಲಿಪಶುವನ್ನು ನಿಲ್ಲಿಸಿದ್ದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಲಿಫ್ಟ್‌ನಲ್ಲಿ ಅವಳು ಆ ಅತ್ಯಾಚಾರಿಯನ್ನು ಎದುರಿಸಿ ನಿಲ್ಲುವ ದೃಶ್ಯ ಆ ಕಾಲಕ್ಕೆ ಧೈರ್ಯದ್ದು, ದೃಶ್ಯದಲ್ಲಿ ಅವಳ ನೋವನ್ನು ತೋರಿಕೆಗೆ ಇಟ್ಟಿಲ್ಲ ಎಂಬುದೂ ನಿಜ. ಆದರೆ ಒಂದೇ ಎದುರಿಸುವಿಕೆಯಿಂದ ಅಂತಹ ಗಾಯ ಮಾಯುತ್ತದೆ ಎಂಬ ಸೂಚನೆ ಅವಸರದ್ದು. ಬೆನ್ನಿಯ ಬದಲಾವಣೆಯನ್ನು ಅಂದಿನವರಿಗಿಂತ ಇಂದಿನ ಓದುಗರು ಹೆಚ್ಚು ಗಮನಿಸುತ್ತಾರೆ: ಕಥೆಯಲ್ಲಿ ಅವನು ಸಲಿಂಗಿಯಾಗಿದ್ದ ವಿದ್ವಾಂಸ, ಆಟದಲ್ಲಿ ತನ್ನ ಸೈನಿಕರನ್ನೇ ಕೊಂದ ಕಠೋರ ಸೇನಾಧಿಕಾರಿ. ಹಸಿದ ಬೆನ್ನಿ ಒಂದು ಮಗುವಿನ ಬದಲು ತನ್ನನ್ನೇ ಬಲಿಗೆ ಒಡ್ಡಿಕೊಳ್ಳುವ ಕಥೆಗೆ ಆ ಹೊಸ ಹಿನ್ನೆಲೆ ಹೊಂದುತ್ತದೆ, ಆದರೆ ಹಳೆಯ ಬೆನ್ನಿಯನ್ನು ಅಳಿಸಿದ್ದು ನಷ್ಟವೇ.

ಸ್ವೀಕಾರದ ಚರಿತ್ರೆಯಲ್ಲಿ ನನ್ನನ್ನು ಇಂದಿಗೂ ನೋಯಿಸುವ ಸಂಗತಿಯೆಂದರೆ ಜರ್ಮನಿ ಮತ್ತು ಫ್ರಾನ್ಸಿನ ಆವೃತ್ತಿಗಳಿಂದ ನಿಮ್ಡಾಕ್‌ನ ಅಧ್ಯಾಯವನ್ನೇ ತೆಗೆದುಹಾಕಿದ್ದು. ನಾಜಿ ಚಿಹ್ನೆಗಳನ್ನು ನಿಷೇಧಿಸುವ ಜರ್ಮನ್ ಕಾನೂನು ಸಿನಿಮಾ ಮತ್ತು ಸಾಹಿತ್ಯಕ್ಕೆ ಕಲೆಯೆಂಬ ವಿನಾಯಿತಿ ಕೊಡುತ್ತಿತ್ತು. ಕಂಪ್ಯೂಟರ್ ಆಟಗಳಿಗೆ ಆ ವಿನಾಯಿತಿಯನ್ನು ಪ್ರಕರಣದಿಂದ ಪ್ರಕರಣಕ್ಕೆ ಪರಿಗಣಿಸುವ ಪದ್ಧತಿ ಅಲ್ಲಿನ ಶ್ರೇಣೀಕರಣ ಸಂಸ್ಥೆಯಲ್ಲಿ ಬಂದದ್ದು 2018ರಲ್ಲಿ. ಹೀಗಾಗಿ, ನಾಜಿ ಅಪರಾಧಿಯೊಬ್ಬ ತನ್ನ ಅಪರಾಧವನ್ನು ನೆನಪಿಸಿಕೊಂಡು ಒಪ್ಪಿಕೊಳ್ಳುವ ಕಥೆ, ಅದನ್ನು ಓದಲು ಬಹುಶಃ ಹೆಚ್ಚು ಕಾರಣವಿದ್ದ ದೇಶದಲ್ಲಿಯೇ ಆಡುವವರಿಗೆ ಸಿಗಲಿಲ್ಲ. ಅಲ್ಲಿನವರ ಕೈಗೆ ಬಂದದ್ದು ಐದು ಬೆರಳಿನಲ್ಲಿ ಒಂದನ್ನು ಕತ್ತರಿಸಿದ ಕೈ. ಕೊನೆಯ ಹಂತಕ್ಕೆ ಐವರೂ ಬೇಕಾದ ಆಟದಲ್ಲಿ ಒಬ್ಬನನ್ನು ಕಿತ್ತರೆ ಆಟದ ಲೆಕ್ಕವೂ ತಪ್ಪುತ್ತದೆ. ಅಂತಹ ಪ್ರತಿಯನ್ನು ಆಡಿ ಬರೆದ ವಿಮರ್ಶೆಯನ್ನು ಪೂರ್ಣ ಪ್ರತಿಯ ವಿಮರ್ಶೆಯ ಜೊತೆ ಹೋಲಿಸುವಾಗ ಇದನ್ನು ಮರೆಯಬಾರದು.

ಆ ಕೊನೆಯ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ್ಯಮ್‌ನ ಮನಸ್ಸಿನೊಳಗೆ ಹೊಕ್ಕು, ಫ್ರಾಯ್ಡ್ ಹೇಳಿದ ಮನಸ್ಸಿನ ಮೂರು ಭಾಗಗಳನ್ನು ಕರುಣೆ, ಕ್ಷಮೆ ಮುಂತಾದ ಹೆಸರಿನ ಸಂಕೇತಗಳಿಂದ ಸೋಲಿಸುವುದು ಕಾಗದದ ಮೇಲೆ ಚೆಂದ. ಆಡುವಾಗ ಅದು ಹೆಸರುಗಳನ್ನು ಹೆಸರುಗಳಿಗೆ ಹೊಂದಿಸುವ ಕೆಲಸವಾಗುತ್ತದೆ. ನಾಲ್ಕೈದು ಗಂಟೆ ಮನುಷ್ಯರ ಮಾಂಸ ಮತ್ತು ನೆನಪಿನ ನಡುವೆ ನಡೆಸಿದ ಆಟ ಇಲ್ಲಿ ಬರಿಯ ಪರಿಭಾಷೆಗೆ ಇಳಿಯುತ್ತದೆ.

ಮಾರಾಟದಲ್ಲಿ ಆಟ ದೊಡ್ಡ ಗೆಲುವು ಕಾಣಲಿಲ್ಲ, ಸೈಬರ್‌ಡ್ರೀಮ್ಸ್ 1997ರ ಹೊತ್ತಿಗೆ ಮುಚ್ಚಿತು. ಹಳೆಯ ಅಡ್ವೆಂಚರ್ ಆಟಗಳನ್ನು ಹೊಸ ಯಂತ್ರಗಳಲ್ಲಿ ನಡೆಸುವ ‘ಸ್ಕಮ್‌ವಿಎಂ’ ಎಂಬ ಸ್ವಯಂಸೇವಕರ ತಂತ್ರಾಂಶ ಇದನ್ನು ಜೀವಂತವಾಗಿಟ್ಟಿತು. ನೈಟ್‌ಡೈವ್ ಸಂಸ್ಥೆ 2013ರಲ್ಲಿ ಮರುಬಿಡುಗಡೆ ಮಾಡಿದಾಗ ಆಟಕ್ಕೆ ಎರಡನೆಯ ಓದುಗವರ್ಗ ದೊರೆಯಿತು. ನಿಮ್ಮ ಗೆಳೆಯರು ಬಹುಶಃ ಆ ವರ್ಗಕ್ಕೆ ಸೇರಿದವರು. ಈ ಎರಡನೆಯ ಸ್ವೀಕಾರ ಮೊದಲಿನದಕ್ಕಿಂತ ಬೆಚ್ಚಗಿದೆ, ಅದಕ್ಕೆ ಕಾರಣ ಬರಿಯ ನಾಸ್ಟಾಲ್ಜಿಯಾ ಎಂದು ನಾನು ಭಾವಿಸುವುದಿಲ್ಲ. 1995ರಲ್ಲಿ ಸಿಕ್ಕಿಕೊಂಡವನು ಸಿಕ್ಕಿಕೊಂಡೇ ಇರುತ್ತಿದ್ದ. ಸುಳಿವಿನ ಪುಸ್ತಕ ಕೊಳ್ಳಬೇಕಿತ್ತು, ಇಲ್ಲವೇ ಸಹಾಯವಾಣಿಗೆ ಹಣ ತೆತ್ತು ಫೋನ್ ಮಾಡಬೇಕಿತ್ತು. ಇಂದಿನವರು ವಾಕ್‌ಥ್ರೂ ತೆರೆದಿಟ್ಟುಕೊಂಡೇ ಕೂರುತ್ತಾರೆ. ಇನ್ನು ಕೆಲವರು ಆಟವನ್ನು ಮುಟ್ಟುವುದೇ ಇಲ್ಲ, ಬೇರೆಯವರು ಆಡಿದ ವಿಡಿಯೋ ನೋಡುತ್ತಾರೆ, ಆ್ಯಮ್‌ನ ಮಾತು ಕೇಳುತ್ತಾರೆ. ಅವರೆಲ್ಲರಿಗೆ ಒಗಟಿನ ಕಿರಿಕಿರಿ ಕಳಚಿಹೋಗಿ ಕಥೆಯೊಂದೇ ಸಿಗುತ್ತದೆ, ಆದ್ದರಿಂದ ಮೆಚ್ಚುಗೆಗೆ ಅಡ್ಡಿಯಿಲ್ಲ. ಕೃತಕ ಬುದ್ಧಿಮತ್ತೆ ದಿನಬಳಕೆಯ ಮಾತಾದ ಮೇಲೆ, ಮನುಷ್ಯರನ್ನು ದ್ವೇಷಿಸುವ ಯಂತ್ರದ ಈ ಕಥೆಗೆ ಹೊಸ ಕುತೂಹಲವೂ ಸೇರಿಕೊಂಡಿದೆ. ಆದರೆ ಆ್ಯಮ್ ಭವಿಷ್ಯವಾಣಿ ಎಂದು ಹೊಗಳುವುದು ಆಟವನ್ನು ಚಿಕ್ಕದಾಗಿಸುತ್ತದೆ. ಅದು ಯಂತ್ರದ ಮನಸ್ಸಿಗಿಂತ ಹೆಚ್ಚಾಗಿ ಐವರು ಮನುಷ್ಯರ ಮನಸ್ಸನ್ನು ಕುರಿತದ್ದು.

ಪಟ್ಟಿಗಳಲ್ಲಿನ ಸ್ಥಾನವನ್ನು ನೀವು ನೋಡಿರಬಹುದು. ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ 1996ರಲ್ಲಿ ಸಾರ್ವಕಾಲಿಕ ಶ್ರೇಷ್ಠ 150 ಆಟಗಳ ಪಟ್ಟಿ ಮಾಡಿದಾಗ ಇದನ್ನು 134ನೆಯದಾಗಿ ಇಟ್ಟಿತು. ‘ಅಡ್ವೆಂಚರ್ ಗೇಮರ್ಸ್’ ತಾಣ 2011ರಲ್ಲಿ ಅಡ್ವೆಂಚರ್ ಆಟಗಳಲ್ಲಿ 69ನೆಯ ಸ್ಥಾನ ಕೊಟ್ಟಿತು. ಮೇರುಕೃತಿಯೆಂದು ಕರೆಯುವವರಿಗೆ ಈ ಅಂಕೆಗಳು ಕಡಿಮೆಯೆನಿಸುತ್ತವೆ, ಬೇಸತ್ತವರಿಗೆ ಹೆಚ್ಚೆನಿಸುತ್ತವೆ. ನನಗೆ ಅವು ಇಬ್ಬರ ಮಾತನ್ನೂ ಬೆರೆಸಿ ತೆಗೆದ ಸರಾಸರಿಯಂತೆ ಕಾಣುತ್ತವೆ, ಮತ್ತು ಸರಾಸರಿ ಈ ಆಟಕ್ಕೆ ಹೊಂದದ ಅಳತೆ.

ಯಾರ ಮಾತನ್ನು ನಂಬಬೇಕೆಂದು ಕೇಳಿದ್ದೀರಿ. ಒಗಟುಗಳ ವಿಷಯದಲ್ಲಿ 1995ರವರನ್ನು ನಂಬಿ, ಏಕೆಂದರೆ ಅವರು ಊರುಗೋಲಿಲ್ಲದೆ ಆಡಿದರು. ಆಟದ ನೈತಿಕ ಹರವಿನ ವಿಷಯದಲ್ಲಿ ಇಂದಿನವರಲ್ಲಿ ನಿಜವಾಗಿ ಆಡಿದವರನ್ನು ನಂಬಿ. ಆ ಕಾಲದವರಿಗೆ ಹೋಲಿಸಿ ನೋಡಲು ಬೇರೆ ಆಟಗಳಿರಲಿಲ್ಲ, ಇವರಿಗೆ ಇವೆ. ನೀವು ಮತ್ತೊಮ್ಮೆ ಆಡುವುದಾದರೆ, ಗಾರಿಸ್ಟರ್‌ನನ್ನು ಪೂರ್ತಿ ವಾಕ್‌ಥ್ರೂ ನೋಡಿಯೇ ದಾಟಿಬಿಡಿ, ಅದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಎಲೆನ್‌ಳನ್ನು ಸಹಾಯವಿಲ್ಲದೆ ಆಡಿ. ನಿಮ್ಡಾಕ್‌ನ ಅಧ್ಯಾಯಕ್ಕೆ ಹೋಗುವ ಮೊದಲು ಯಾವ ವಸ್ತು ಎಲ್ಲಿದೆ ಎಂಬುದನ್ನು ಮಾತ್ರ ಓದಿಕೊಳ್ಳಿ, ಏನು ಮಾಡಬೇಕು ಎಂಬುದನ್ನು ಓದಬೇಡಿ. ವಾಕ್‌ಥ್ರೂಗಳಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಬೆರೆತಿರುತ್ತವೆ. ಆದ್ದರಿಂದ ನಿಮಗಿಂತ ಮೊದಲು ಆಡಿ ಮುಗಿಸಿದ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿದ್ದಕ್ಕೆ ಮಾತ್ರ ಉತ್ತರಿಸುವಂತೆ ಹೇಳುವುದು ಒಳ್ಳೆಯದು.